ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಆ ಬೀಗ ತೆಗೆಸಿ

ಚಿತ್ರದುರ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಚಳ್ಳಕೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುವವಳು. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ್ದೇನೆ. ಅಂಗಡಿ ಅಪ್ಪ ಹಾಕಿದ್ದು. ಅವರ ಕಣ್ಣು ಮಂಜಾದ ಮೇಲೆ ನಾನೇ ನೋಡಿಕೊಂಡು ಹೋಗುತ್ತಿದ್ದೇನೆ. ನಮ್ಮೂರಿನ ಎಣ್ಣೆ ಮಿಲ್ಲುಗಳ ಮೋಟಾರು, ಹಿಟ್ಟಿನ ಗಿರಣಿ ಮೋಟಾರು, ನಾಯಕನಹಟ್ಟಿ, ತಳಕು, ಪರಶುರಾಂಪುರದ ಕಡೆಯಿಂದ ಬರುವ ಬೋರ್‌ವೆಲ್ ಮೋಟಾರು, ಸುಟ್ಟಿದ್ದೆಲ್ಲ ನಮ್ಮ ಅಂಗಡಿ ಮುಂದೆ ಬಂದು ಇಳಿಯುತ್ತದೆ. ಬೇಸಿಗೆಯಲ್ಲಂತೂ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಕೆಲಸದ ನಡುವೆಯೇ ಕೂತು ಈ ಪತ್ರ ಬರೆಯುತ್ತಿದ್ದೇನೆ. ವಿಷಯ ನನಗೆ ಅಷ್ಟು ಮುಖ್ಯ.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎಲ್ಲೆಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯುವ ಟಿಂಕರಿಂಗ್ ಲ್ಯಾಬ್ ಇದೆಯೋ, ಅಲ್ಲೆಲ್ಲ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಅದನ್ನು ಹುಡುಗಿಯರಿಗೆ ತೆರೆದಿಡಿ. ಹುಡುಗ, ಹುಡುಗಿ ಎರಡರಲ್ಲೂ ತಮ್ಮನ್ನು ಕಾಣದ ಮಕ್ಕಳೂ ಇದ್ದಾರೆ. ಇಂಗ್ಲಿಷಿನಲ್ಲಿ ಅವರನ್ನು ನಾನ್-ಬೈನರಿ ಅನ್ನುತ್ತಾರೆ. ಅವರಿಗೂ ತೆರೆದಿಡಿ. ಅಲ್ಲಿ ಅವರು ಬಿಚ್ಚಲಿ, ಜೋಡಿಸಲಿ, ಕೆಡಿಸಲಿ, ಮತ್ತೆ ಸರಿ ಮಾಡಲಿ. ಇದನ್ನು ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ನಾನು ಕಣ್ಣಾರೆ ಕಂಡಿದ್ದನ್ನು ಹೇಳಬೇಕು.

ಹೋದ ಬೇಸಿಗೆಯಲ್ಲಿ ಒಬ್ಬ ರೈತರು 3 ಎಚ್‌ಪಿ ಪಂಪ್ ಮೋಟಾರು ತಂದರು. ಜೊತೆಗೆ ಮಗಳು ಬಂದಿದ್ದಳು. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿ. ನಾನು ಮೋಟಾರು ಬಿಚ್ಚಿ ಸ್ಟೇಟರ್, ಅಂದರೆ ತಿರುಗದೆ ಕೂರುವ ಸುರುಳಿಯ ಭಾಗ, ಹೊರಗಿಟ್ಟೆ. ಸುಟ್ಟ ವಾರ್ನಿಷ್ ವಾಸನೆ ಅಂಗಡಿ ತುಂಬಿತು. ಹುಡುಗಿ ಮೂಗು ಮುಚ್ಚಿಕೊಳ್ಳಲಿಲ್ಲ. ಬಗ್ಗಿ ಒಳಗೆ ನೋಡಿದಳು, ಕೈ ಚಾಚಿದಳು. ಅವರಪ್ಪ ತಕ್ಷಣ, "ಏಯ್, ಮುಟ್ಬ್ಯಾಡವ್ವ, ಶಾಕ್ ಹೊಡಿತೈತೆ" ಅಂದರು.

ಒಂದು ವೈರೂ ಇಲ್ಲದೆ ಟೇಬಲ್ ಮೇಲೆ ಬಿಚ್ಚಿಟ್ಟ ಮೋಟಾರು ಅದು. ಅದರಲ್ಲಿ ಕರೆಂಟೇ ಇಲ್ಲ. ಆ ಅಪ್ಪ ಕೆಟ್ಟವರಲ್ಲ. ಮಗಳು ಓದಲಿ ಅಂತ ಮನಸ್ಸಿರುವವರೇ. ಆದರೂ ಬಾಯಿಗೆ ಆ ಮಾತು ತಾನಾಗಿ ಬಂತು. ಮಗನನ್ನು ಕರೆದುಕೊಂಡು ಬರುವ ಅಪ್ಪಂದಿರನ್ನೂ ನಾನು ದಿನಾ ನೋಡುತ್ತೇನೆ. ಅವರೆಲ್ಲ ಮಗನಿಗೆ "ಬಾ, ಈ ಕಡೆ ಹಿಡ್ಕ" ಅನ್ನುತ್ತಾರೆ.

ನಾನು "ಮುಟ್ಟು ತಾಯಿ, ಏನೂ ಆಗಲ್ಲ" ಅಂದೆ. ಆ ಸ್ಟೇಟರ್‌ನಲ್ಲಿ 36 ಸ್ಲಾಟು, ಅಂದರೆ ತಂತಿ ಕೂರುವ ಸೀಳುಗಳು. ಸುತ್ತಲೂ ತಾಮ್ರದ ತಂತಿಯ ಸುರುಳಿಗಳು. ಜಾಸ್ತಿ ಕಡೆ ಕರ್ರಗೆ ಸುಟ್ಟಿದ್ದವು, ನಡುನಡುವೆ ಕೆಲವು ಮಾತ್ರ ಹೊಸದರ ಹಾಗೆ ಹೊಳೆಯುತ್ತಿದ್ದವು. ಹುಡುಗಿ ಬೆರಳಿಟ್ಟು ಎಣಿಸುತ್ತಾ ಒಂದು ಸುತ್ತು ಬಂದಳು. "ಅಕ್ಕಾ, ಎರಡು ಸುಟ್ಟವೆ, ಒಂದು ಚೆನ್ನಾಗೈತೆ. ಸುತ್ತ ಹಂಗೇ ಐತೆ. ಇದ್ಯಾಕೆ ಸುಟ್ಟಿಲ್ಲ?" ಅಂತ ಕೇಳಿದಳು. ನಾನು ಬಾಯಿ ತೆಗೆಯುವ ಮುಂಚೆ ಅವಳೇ, "ಇದಕ್ಕೆ ಕರೆಂಟೇ ಬಂದಿಲ್ಲ ಅಲ್ವಾ?" ಅಂದಳು.

ಅದೇ ಸರಿಯಾದ ಉತ್ತರ. ಮೋಟಾರಿಗೆ ಕರೆಂಟು ಬರುವ ಮೂರು ಫೇಸ್‌ನಲ್ಲಿ, ಅಂದರೆ ಮೂರು ಲೈನಿನಲ್ಲಿ, ಒಂದು ಹೋಗಿತ್ತು. ಭಾರವೆಲ್ಲ ಉಳಿದ ಎರಡರ ಮೇಲೆ ಬಿದ್ದು ಅವು ಸುಟ್ಟವು. ಕರೆಂಟು ಬಾರದ ಸುರುಳಿ ಹಾಗೇ ಉಳಿಯಿತು. ಮೂರೂ ಫೇಸ್‌ನ ಸುರುಳಿಗಳ ಒಂದೊಂದು ತುದಿಯನ್ನು ಒಟ್ಟಿಗೆ ಸೇರಿಸಿದ ಸ್ಟಾರ್ ಕನೆಕ್ಷನ್ ಇರುವ ಮೋಟಾರು ಈ ರೀತಿ ಸುಟ್ಟಿದ್ದರೆ, ನಾವು ಕಂಡ ಕೂಡಲೇ ಫೇಸ್ ಹೋಗಿದೆ ಅನ್ನುತ್ತೇವೆ. ನನಗೆ ಇದು ತಲೆಗೆ ಹತ್ತಲು ಎಷ್ಟೋ ಮೋಟಾರು ಬಿಚ್ಚಬೇಕಾಯಿತು. ಅವಳು ಮೊದಲನೇ ಮೋಟಾರಿನಲ್ಲೇ ಹೇಳಿದಳು.

"ಮುಂದೆ ಏನು ಓದ್ತೀಯಮ್ಮ?" ಅಂತ ಕೇಳಿದೆ. "ಆರ್ಟ್ಸ್ ಅಕ್ಕಾ. ಸೈನ್ಸು, ಇಂಜಿನಿಯರಿಂಗು ನಮ್ಮಂಥೋರಿಗಲ್ಲ" ಅಂದಳು. ಯಾರು ಹೇಳಿದರು ಅಂತ ಕೇಳಿದರೆ, ಯಾರೂ ಹೇಳಿಲ್ಲ. ಮೇಷ್ಟ್ರು ಹೇಳಿಲ್ಲ, ಅಪ್ಪ ಹೇಳಿಲ್ಲ. "ಮುಟ್ಬ್ಯಾಡ" ಅನ್ನುವ ಮಾತನ್ನು ಹದಿನೈದು ವರ್ಷ ಕೇಳಿದ ಮಗು ಉಳಿದದ್ದನ್ನು ತಾನೇ ತೀರ್ಮಾನ ಮಾಡಿಕೊಂಡಿದೆ.

ಶನಿವಾರ ಮಧ್ಯಾಹ್ನ ಬಾ ಅಂತ ಕರೆದೆ. ಬಂದಳು. ಮುಂದಿನ ವಾರ ಇಬ್ಬರು ಗೆಳತಿಯರನ್ನು ಕರೆತಂದಳು. ಈಗ ಆರು ಮಕ್ಕಳು ಬರುತ್ತಾರೆ. ಮಲ್ಟಿಮೀಟರ್ ಹಿಡಿಯುವುದು, ಕೆಪಾಸಿಟರ್ ಚೆಕ್ ಮಾಡುವುದು, ಸ್ಟಾರ್ಟರ್ ಬಿಚ್ಚುವುದು, ತಂತಿ ಕಬ್ಬಿಣಕ್ಕೆ ತಾಗದ ಹಾಗೆ ಸ್ಲಾಟಿಗೆ ಪೇಪರ್ ಹಾಕುವುದು ಕಲಿಸುತ್ತೇನೆ. ಕರೆಂಟು ಇದ್ದಾಗ ಎಲ್ಲಿ ಕೈ ಇಡಬಾರದು ಅನ್ನುವುದನ್ನೇ ಮೊದಲ ದಿನ ಕಲಿಸುತ್ತೇನೆ. ಸುಮ್ನೆ ಹೆದರಿಸುವುದಕ್ಕೂ ಹುಷಾರು ಕಲಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಈ ಆರರಲ್ಲಿ ಒಂದು ಮಗುವಿನ ವಿಷಯ ಬೇರೆಯಾಗಿ ಹೇಳಬೇಕು. ಮೊದಲ ದಿನವೇ ಮೆಲ್ಲಗೆ ಬಂದು, "ಅಕ್ಕಾ, ನನ್ನ ತಮ್ಮಾ ಅನ್ನಬೇಡಿ, ತಂಗಿ ಅಂತಾನೂ ಅನ್ನಬೇಡಿ. ಹೆಸರು ಹಿಡಿದು ಕರೀರಿ ಸಾಕು" ಅಂತು. ಸರಿ ಅಂದೆ. ನನಗೇನೂ ಕಷ್ಟವಾಗಲಿಲ್ಲ. ನಮ್ಮ ಕನ್ನಡದಲ್ಲಿ 'ಮಗು' ಇದೆ, 'ಅವರು' ಇದೆ, ಎರಡಕ್ಕೂ ಗಂಡು ಹೆಣ್ಣಿನ ಹಂಗಿಲ್ಲ. ಆ ಮಗುವಿನ ಕೈ ನೋಡಬೇಕು ನೀವು. ವೈಂಡಿಂಗ್ ಮಾಡುವಾಗ ಸುತ್ತಿನ ಲೆಕ್ಕ ತಪ್ಪಬಾರದು. ಒಂದು ಸುರುಳಿಗೆ ಇಷ್ಟು ಸುತ್ತು ಅಂದರೆ ಅಷ್ಟೇ. ಪಕ್ಕದಲ್ಲಿ ಯಾರು ಮಾತಾಡಿದರೂ ಆ ಮಗುವಿನ ಲೆಕ್ಕ ತಪ್ಪುವುದಿಲ್ಲ. ತಂತಿ ಒಂದರ ಮೇಲೊಂದು ಏರದ ಹಾಗೆ ಸಾಲಾಗಿ ಕೂರುತ್ತದೆ.

ಅದೇ ಮಗು ಶಾಲೆಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನೀರು ಕುಡಿಯುವುದಿಲ್ಲ. ಹುಡುಗರ ಟಾಯ್ಲೆಟ್ಟಿಗೆ ಹೋದರೆ ಎಳೆದಾಡುತ್ತಾರೆ, ಹುಡುಗಿಯರ ಕಡೆ ಹೋಗುವ ಹಾಗಿಲ್ಲ. ಬಾಟಲಿ ಬ್ಯಾಗಿನಲ್ಲೇ ತುಂಬಿರುತ್ತದೆ. ಸಂಜೆ ನಮ್ಮ ಅಂಗಡಿಗೆ ಬಂದು, ಮನೆಯ ಹಿಂದಿನ ಬಚ್ಚಲಿಗೆ ಹೋಗಿ ಬಂದು, ಆಮೇಲೆ ಗಟಗಟ ಕುಡಿಯುತ್ತದೆ. ಇದನ್ನು ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ ಸ್ವಾಮಿ. ನಮ್ಮ ಚಳ್ಳಕೆರೆ ಬಿಸಿಲು ನಿಮಗೆ ಗೊತ್ತು.

ಇನ್ನು ಲ್ಯಾಬಿನ ವಿಷಯ. ಈ ಮಕ್ಕಳಲ್ಲಿ ಒಬ್ಬಳು, "ನಮ್ಮ ಶಾಲೇಲೂ ಇಂಥವೆಲ್ಲ ಇದಾವಂತೆ ಅಕ್ಕಾ, ರೂಮಿಗೆ ಬೀಗ ಹಾಕ್ತಾರೆ" ಅಂದಳು. ಹೋಗಿ ನೋಡಿದೆ. ಯಾವ ಶಾಲೆ ಅಂತ ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಮೇಷ್ಟ್ರಿಗೆ ಒಂದು ನೋಟಿಸು ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ನನಗೆ ನೋಟಿಸು ಬೇಡ.

ಅಟಲ್ ಟಿಂಕರಿಂಗ್ ಲ್ಯಾಬ್ ಅದು. ಕೇಂದ್ರ ಸರ್ಕಾರದ ನೀತಿ ಆಯೋಗ 2016ರಲ್ಲಿ ಶುರು ಮಾಡಿದ್ದು. 6ರಿಂದ 12ನೇ ತರಗತಿ ಮಕ್ಕಳಿಗಾಗಿ ಒಂದು ಶಾಲೆಗೆ 20 ಲಕ್ಷ ರೂಪಾಯಿ. 10 ಲಕ್ಷ ಸಾಮಾನಿಗೆ, ಇನ್ನು 10 ಲಕ್ಷ 5 ವರ್ಷ ನಡೆಸುವುದಕ್ಕೆ. ಬೀಗ ತೆಗೆಸಿ ಒಳಗೆ ಹೋದೆ. ತ್ರೀಡಿ ಪ್ರಿಂಟರ್‌ನ ಗಾಜಿನ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ. ಸೆನ್ಸರುಗಳು ಸಣ್ಣ ಸಣ್ಣ ಪ್ಯಾಕೆಟ್ಟಿನಲ್ಲಿ ಪಿನ್ ಹೊಡೆದ ಹಾಗೇ ಇದ್ದವು. ಸೋಲ್ಡರಿಂಗ್ ಐರನ್ನಿನ ತುದಿ ಬೆಳ್ಳಗೆ ಹೊಳೆಯುತ್ತಿತ್ತು. ಬಳಸಿದ ಐರನ್ನಿನ ತುದಿ ಕಪ್ಪಾಗಿರುತ್ತದೆ. ರಿಜಿಸ್ಟರಿನಲ್ಲಿ ಬರೆದಿದ್ದು ನಾಲ್ಕೇ ದಿನ. ನಾಲ್ಕೂ ದಿನ ಯಾರೋ ಅಧಿಕಾರಿಗಳು ಭೇಟಿ ಕೊಟ್ಟ ದಿನ.

ಮುಖ್ಯೋಪಾಧ್ಯಾಯರು ಒಳ್ಳೆಯ ಮನುಷ್ಯರು. ಕೂರಿಸಿ ಟೀ ಕೊಟ್ಟು ಮಾತಾಡಿದರು. "ಏನ್ ಮಾಡ್ಲಮ್ಮ? ಸಾಮಾನು ಕೆಟ್ಟರೆ, ಕಳೆದರೆ ಆಡಿಟ್‌ನಲ್ಲಿ ನನ್ನ ತಲೆಗೆ ಬರುತ್ತೆ. ಸೈನ್ಸ್ ಮೇಷ್ಟ್ರಿಗೆ ಗಣಿತದ ಪಿರಿಯಡ್ಡೂ ಇದೆ" ಅಂದರು. ಅವರ ಭಯ ನಿಜವಾದದ್ದೇ. ಅದನ್ನು ತೆಗೆಯುವುದು ಅವರ ಕೈಲಿಲ್ಲ, ನಿಮ್ಮ ಕೈಲಿದೆ. ಮಕ್ಕಳು ಬಳಸಿ ಕೆಟ್ಟ ಸಾಮಾನಿಗೆ ಶಿಕ್ಷಕರಿಂದ ವಸೂಲಿ ಮಾಡುವುದಿಲ್ಲ ಅಂತ ನಿಮ್ಮ ಕಚೇರಿಯಿಂದ ಒಂದು ಸಾಲಿನ ಸುತ್ತೋಲೆ ಹೊರಡಲಿ. ನನ್ನ ಅಂಗಡಿಯಲ್ಲಿ ಕಲಿಯುವವರು ತಂತಿ ತುಂಡು ಮಾಡುತ್ತಾರೆ, ಕೆಪಾಸಿಟರ್ ಸುಡುತ್ತಾರೆ. ಅದು ಕಲಿಕೆಯ ಖರ್ಚು ಅಂತ ಲೆಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಸರ್ಕಾರವೂ ಹಾಗೆ ಬರೆದುಕೊಳ್ಳಬೇಕು. ಮುಟ್ಟದೆ ಇಟ್ಟ ಸಾಮಾನು ಐದು ವರ್ಷಕ್ಕೆ ತಾನಾಗಿ ಹಳತಾಗುತ್ತದೆ, ಆಗ ಆ 10 ಲಕ್ಷವೂ ಹೋಯಿತು, ಮಕ್ಕಳ ಐದು ವರ್ಷವೂ ಹೋಯಿತು. 2025ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬ್ ಕೊಡುತ್ತೇವೆ ಅಂದಿದ್ದಾರೆ. ನಮ್ಮ ಜಿಲ್ಲೆಗೂ ಬರುತ್ತವೆ. ಅವಕ್ಕೂ ಬೀಗ ಬೀಳುವ ಮುಂಚೆ ಮಾತಾಡಬೇಕು ಅಂತಲೇ ಈಗ ಬರೆಯುತ್ತಿದ್ದೇನೆ.

ಹಾಗಾದರೆ ಎಲ್ಲ ಮಕ್ಕಳಿಗೂ ತೆರೆಯಲಿ, ಹುಡುಗಿಯರಿಗೆ ಮಾತ್ರ ಯಾಕೆ ಅಂತ ಕೇಳಬಹುದು. ತರಗತಿ ಹೊತ್ತಿನಲ್ಲಿ ಎಲ್ಲರಿಗೂ ತೆರೆಯಿರಿ. ಸಂಜೆಯ ಎರಡು ಗಂಟೆ ಬೇರೆ ಯಾಕೆ ಬೇಕು ಅನ್ನುವುದು ವಿಜ್ಞಾನ ಪ್ರದರ್ಶನಕ್ಕೆ ಹೋದರೆ ಗೊತ್ತಾಗುತ್ತದೆ. ನಾನು ಈ ವರ್ಷ ಒಂದಕ್ಕೆ ಹೋಗಿದ್ದೆ. ಟೇಬಲ್ಲಿಗೆ ಮೂವರೋ ನಾಲ್ವರೋ ಮಕ್ಕಳು. ಮಾಡೆಲ್ ಹುಡುಗರ ಕೈಲಿ, ಚಾರ್ಟ್ ಹುಡುಗಿಯರ ಕೈಲಿ. ಸ್ವಿಚ್ ಹಾಕುವುದು ಹುಡುಗ, ವಿವರಣೆ ಬಾಯಿಪಾಠ ಒಪ್ಪಿಸುವುದು ಹುಡುಗಿ. ಒಂದು ಟೇಬಲ್ಲಿನಲ್ಲಿ ಮಾಡೆಲ್ ಕೈಕೊಟ್ಟಿತು. ಬ್ಯಾಟರಿಯ ಒಂದು ವೈರು ಬಿಟ್ಟುಹೋಗಿದ್ದು ನನಗೆ ಕಾಣುತ್ತಿತ್ತು, ಆ ಹುಡುಗಿಗೂ ಕಂಡಿತ್ತು. ಅವಳು ಕೈ ಹಾಕಲಿಲ್ಲ, ಹುಡುಗ ಬರಲಿ ಅಂತ ಕಾಯುತ್ತಾ ನಿಂತಳು. "ನೀನೇ ಸಿಕ್ಕಿಸಮ್ಮ" ಅಂದರೆ, "ಅದು ಅವನ ಕೆಲಸ ಮೇಡಂ, ನಂದು ಚಾರ್ಟು. ನನ್ನ ಅಕ್ಷರ ದುಂಡಗಿದೆ" ಅಂದಳು.

ನನ್ನ ಕಥೆಯೂ ಅದೇ. ನಾನು ಡಿಪ್ಲೊಮಾ ಓದುವಾಗ ಕ್ಲಾಸಿನಲ್ಲಿ ಇಬ್ಬರೇ ಹುಡುಗಿಯರು. ವರ್ಕ್‌ಶಾಪಿನಲ್ಲಿ ನಮಗೆ ಒಬ್ಬ ಮೇಷ್ಟ್ರು, "ನೀವು ಕೂತ್ಕೊಂಡು ಎಲ್ಲರ ರೆಕಾರ್ಡ್ ಬರೀರಿ, ಮಾರ್ಕ್ಸ್ ನಾನು ಕೊಡ್ತೀನಿ" ಅಂದಿದ್ದರು. ಅದು ಅವರು ತೋರಿಸಿದ ಪ್ರೀತಿ ಅಂತ ನಾವು ಖುಷಿಪಟ್ಟೆವು. ಮಾರ್ಕ್ಸ್ ಬಂತು. ಕೆಲಸ ಬರಲಿಲ್ಲ. ನನಗೆ ಅಪ್ಪನ ಅಂಗಡಿ ಇತ್ತು, ಕಲಿತುಕೊಂಡೆ. ನನ್ನ ಗೆಳತಿಗೆ ಅಂಗಡಿ ಇರಲಿಲ್ಲ. ಇಂಟರ್‌ವ್ಯೂನಲ್ಲಿ ಸ್ಟಾರ್ಟರ್ ಕನೆಕ್ಷನ್ ಮಾಡಿ ತೋರಿಸು ಅಂದಾಗ ಅವಳ ಕೈ ನಡುಗಿತಂತೆ. ಆ ಕೆಲಸ ಸಿಗಲಿಲ್ಲ. ಮತ್ತೆ ಅವಳು ಇನ್ನೊಂದಕ್ಕೆ ಹೋಗಲೇ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಈ ಮಕ್ಕಳಿಗೆ ತಮ್ಮದೇ ಆದ ಒಂದಷ್ಟು ಹೊತ್ತು ಬೇಕು. ಅಲ್ಲಿ ವೈರು ಸಿಕ್ಕಿಸಲು ಬೇರೆ ಯಾರೂ ಬರುವುದಿಲ್ಲ, ತಾವೇ ಸಿಕ್ಕಿಸಬೇಕು.

ಹೆಣ್ಣುಮಕ್ಕಳಿಗೆ ಈ ಕೆಲಸ ಹೊಸದು ಅಂತ ಕೆಲವರು ಅನ್ನುತ್ತಾರೆ. ಎ. ಲಲಿತಾ ಅನ್ನುವವರು 18ನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕೈಗೂಸು ಇಟ್ಟುಕೊಂಡು, ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ ಮುಗಿಸಿದ್ದು 1940ರ ದಶಕದಲ್ಲಿ. ಸರ್ಟಿಫಿಕೇಟಿನಲ್ಲಿ ಗಂಡಸರಿಗೆ ಅಂತಲೇ 'ಹೀ' ಎಂದು ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ 'ಶೀ' ಎಂದು ಬರೆದು ಕೊಟ್ಟರು. ಅದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಮೆರಿಕದಲ್ಲಿ ಪಿಎಚ್‌.ಡಿ ಮಾಡಿ ಬಂದು, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿದರು. ಇನ್ನೂ ಹತ್ತಿರದ್ದು ಬೇಕಾದರೆ ಮಾರಿಕಣಿವೆ ಅಣೆಕಟ್ಟು ನೋಡಿ. 1898ರಲ್ಲಿ ಕೆಲಸ ಶುರುವಾದಾಗ ಮೈಸೂರು ರಾಜ್ಯ ನಡೆಸುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಅವರ ಹೆಸರೇ ಆ ಸಾಗರಕ್ಕೆ. ನಾವು ಕುಡಿಯುವ ನೀರಿನ ಮೇಲೆ ಒಬ್ಬ ಹೆಂಗಸಿನ ಹೆಸರಿದೆ. ಆದರೆ ನೀರೆತ್ತುವ ಪಂಪಿಗೆ ಕೈ ಹಾಕಿದರೆ ನಮ್ಮ ಹುಡುಗಿಗೆ ಮುಟ್ಬ್ಯಾಡ ಅನ್ನುತ್ತಾರೆ.

ನಮ್ಮ ತಾಲ್ಲೂಕಿನಲ್ಲೇ ಇನ್ನೊಂದು ಇದೆ. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೋದವರು ರೆಕ್ಕೆ ಇರುವ ರಾಕೆಟ್ ಮಾದರಿಯೊಂದನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನಾಗಿಯೇ ದಾರಿ ಹಿಡಿದು ಬಂದು ಇಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇನ್ನೆರಡು ಸಲ ಇಳಿಸಿದರು. ಟಿವಿಯಲ್ಲಿ ಚಳ್ಳಕೆರೆ ಹೆಸರು ಬಂದಾಗ ನಮಗೆಲ್ಲ ಎದೆ ಉಬ್ಬಿತ್ತು. ಅದು ನಮ್ಮ ದನ ಕುರಿ ಮೇಯುತ್ತಿದ್ದ ಕಾವಲು. ಆ ಬೇಲಿಯ ಪಕ್ಕದ ಹಳ್ಳಿಯ ಮಕ್ಕಳಿಗೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿದೆ, ಶಾಲಾ ಕಾಲೇಜು ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವಿದೆ. ರಾಜೇಶ್ವರಿ ಚಟರ್ಜಿ ಕಲಿಸಿದ ಸಂಸ್ಥೆಯೇ ಅದು, ನಮ್ಮ ಮನೆ ಬಾಗಿಲಿಗೆ ಬಂದಿದೆ. ಸಂಜೆ ಲ್ಯಾಬ್ ನಡೆಸುವ ಶಿಕ್ಷಕರಿಗೆ ಅಲ್ಲಿ ಒಂದು ವಾರ ತರಬೇತಿ ಕೊಡಿಸಿ. ವರ್ಷಕ್ಕೊಮ್ಮೆ ಈ ಮಕ್ಕಳನ್ನೂ ಕರೆದುಕೊಂಡು ಹೋಗಿ ಬರಲು ನೀವು ಒಂದು ಪತ್ರ ಬರೆಯಿರಿ. ನಾನು ಬರೆದರೆ ಗೇಟಿನಲ್ಲೇ ನಿಲ್ಲುತ್ತದೆ. ನೀವು ಬರೆದರೆ ಒಳಗೆ ಹೋಗುತ್ತದೆ.

ಎಸ್ಸೆಸ್ಸೆಲ್ಸಿ ಆದಮೇಲಿನ ದಾರಿ ನಮ್ಮ ಮನೆಗಳಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇಂಜಿನಿಯರಿಂಗ್ ಅಂದರೆ ಪಿಯುಸಿ ಸೈನ್ಸ್, ಟ್ಯೂಷನ್, ಸಿಇಟಿ, ಲಕ್ಷಗಟ್ಟಲೆ ದುಡ್ಡು ಅಂತಲೇ ಎಲ್ಲರ ತಲೆಯಲ್ಲಿದೆ. ಹತ್ತನೇ ಕ್ಲಾಸು ಪಾಸಾದ ಕೂಡಲೇ ಪಾಲಿಟೆಕ್ನಿಕ್ ಸೇರಬಹುದು, ಮೂರು ವರ್ಷದ ಡಿಪ್ಲೊಮಾ ಆದಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀದಾ ಬಿ.ಇ. ಎರಡನೇ ವರ್ಷಕ್ಕೆ ಹೋಗಬಹುದು ಅಂದಾಗ ಆ ರೈತರು, "ಹೌದೇನಮ್ಮಾ?" ಅಂತ ಎರಡು ಸಲ ಕೇಳಿದರು. ಸಿಇಟಿ ಕಡೆಯಿಂದ ಹೋದರೂ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ಡಿಪ್ಲೊಮಾ ಇಲ್ಲವೇ ಬಿ.ಇ. ಸೇರುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಮನೆಯ ವರಮಾನ 8 ಲಕ್ಷದ ಒಳಗಿರಬೇಕು. ನಮ್ಮ ಕಡೆ ಎಷ್ಟು ಮನೆಗಳ ವರಮಾನ 8 ಲಕ್ಷ ದಾಟೀತು ಹೇಳಿ? ಇದನ್ನೆಲ್ಲ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಪ್ರತಿ ಶಾಲೆಯ ನೋಟಿಸ್ ಬೋರ್ಡಿನಲ್ಲಿ, ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದ ಕನ್ನಡದಲ್ಲಿ ಹಾಕಿಸಿ. ಪಕ್ಕದಲ್ಲಿ ಒಬ್ಬರು ಕೂತು ಅರ್ಜಿ ತುಂಬಿಕೊಡಲಿ. ದುಡ್ಡೇನೂ ಜಾಸ್ತಿ ಬೇಡ.

ಬಸ್ಸಿನ ವಿಷಯ ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ದೊಡ್ಡ ಉಪಕಾರ ಅದು. ಆದರೆ ನಮ್ಮ ಹಳ್ಳಿಗಳ ಕಡೆ ಸಂಜೆ ಐದು ಕಾಲಿನ ಬಸ್ಸು ತಪ್ಪಿದರೆ ಮುಂದಿನದು ರಾತ್ರಿ ತಡವಾದ ಮೇಲೆ. ಆರೂವರೆಗೆ ಲ್ಯಾಬ್ ಮುಗಿದರೆ ಆರೂ ಮುಕ್ಕಾಲಿಗೆ ಒಂದು ಬಸ್ಸು ಬೇಕು. ಅಪ್ಪ ಅಮ್ಮಂದಿರು ಮೊದಲು ಕೇಳುವುದು ಇದನ್ನೇ. ಮಗಳು ತಡವಾಗದೆ ಮನೆ ಸೇರುತ್ತಾಳಾ? ಹೌದು ಅಂತ ನಾವು ಗಟ್ಟಿಯಾಗಿ ಹೇಳುವ ಹಾಗಿರಬೇಕು. ವಾರಕ್ಕೆ ಮೂರು ದಿನ ಸಾಕು. ಕೆಎಸ್‌ಆರ್‌ಟಿಸಿಯವರಿಗೆ ನೀವು ಒಂದು ಮಾತು ಹೇಳಿದರೆ ಆಗುತ್ತದೆ.

ಶಕ್ತಿ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದಿದೆ. ಅದರಲ್ಲಿ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿದ್ದಾರೆ. ಬಸ್ಸಿನಲ್ಲಿ ಕೊಟ್ಟ ಜಾಗವನ್ನು ಶಾಲೆಯಲ್ಲಿ ಯಾಕೆ ಕೊಡಬಾರದು? ತಾನು ಯಾರು ಅಂತ ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ತೀರ್ಪು ಕೊಟ್ಟಿದೆ. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ ಕಾಯ್ದೆ ಬಂತು. ಅದರ ಗುರುತಿನ ಪತ್ರ ಕೊಡುವ ಅಧಿಕಾರ, ಮಾನ್ಯ ಜಿಲ್ಲಾಧಿಕಾರಿಗಳೇ, ನಿಮಗೇ ಇದೆ. ಆದರೆ 18 ತುಂಬದ ಮಕ್ಕಳ ಪರವಾಗಿ ಅಪ್ಪ ಅಮ್ಮನೋ ಪೋಷಕರೋ ಅರ್ಜಿ ಹಾಕಬೇಕು. ಮನೆಯಲ್ಲಿ ಇನ್ನೂ ಬಾಯಿ ಬಿಡದ ಮಗು ಅದನ್ನು ಎಲ್ಲಿಂದ ತರಬೇಕು? ಹಾಗಾಗಿ ಸಂಜೆಯ ಲ್ಯಾಬಿಗೆ ಯಾವ ಪತ್ರವನ್ನೂ ಕೇಳಬೇಡಿ. ಹೆಸರು ಬರೆಸಿದರೆ ಸಾಕು. ಹಾಜರಿ ಪುಸ್ತಕದಲ್ಲಿ ಗಂಡು ಹೆಣ್ಣು ಅಂತ ಬೇರೆ ಬೇರೆ ಪಟ್ಟಿ ಬೇಡ. ಮನೆಗೆ ಫೋನ್ ಮಾಡಿ ವಿಚಾರಿಸುವುದೂ ಬೇಡ, ಅದರಿಂದ ಮಗುವಿಗೆ ಏಟು ಬೀಳಬಹುದು. ಲ್ಯಾಬಿನ ಹತ್ತಿರ ಒಂದು ಟಾಯ್ಲೆಟ್ಟಿಗೆ ಒಳಗಿನಿಂದ ಹಾಕುವ ಚಿಲಕ ಹಾಕಿಸಿ, ಬಾಗಿಲ ಮೇಲೆ ಏನೂ ಬರೆಯದೆ ಬಿಡಿ. ಯಾವ ಮಗುವಾದರೂ ಹೋಗಿ ಬರಲಿ. ಒಂದು ಚಿಲಕದ ಖರ್ಚು ಎಷ್ಟು?

ಕಲಿಸುವವರು ಯಾರು ಅಂತ ಕೇಳುತ್ತೀರಿ. ಡಿಪ್ಲೊಮಾ, ಐಟಿಐ ಮುಗಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಪ್ರತಿ ತಾಲ್ಲೂಕಿನಲ್ಲಿದ್ದಾರೆ. ನನ್ನ ಆ ಗೆಳತಿಯೂ ಇದ್ದಾಳೆ. ಅವರನ್ನು ಕರೆಯಿರಿ, ಗೌರವಧನ ಕೊಡಿ. ಪುಕ್ಕಟೆ ಮಾಡಿಸಬೇಡಿ, ಪುಕ್ಕಟೆ ಕೆಲಸ ಎರಡು ತಿಂಗಳಿಗೆ ನಿಲ್ಲುತ್ತದೆ. ಲ್ಯಾಬ್ ನಡೆಸಲು ಕೊಟ್ಟ ಹಣವೇ ಇದೆ. ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಗಣಿ ಪಕ್ಕದ ಊರುಗಳಿಗೆ ಗಣಿಯವರು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಶಿಕ್ಷಣಕ್ಕೆ ಬಳಸಲು ಅವಕಾಶವಿದೆ. ಮೇಷ್ಟ್ರ ಮೇಲೆ ಇನ್ನೊಂದು ಹೊರೆ ಹಾಕುವುದು ಮಾತ್ರ ಬೇಡ.

ಕಲಿತರೆ ಕೆಲಸ ಎಲ್ಲಿದೆ ಅಂತ ಯಾರೂ ಕೇಳಬೇಕಾಗಿಲ್ಲ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತಿವೆ. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಪಂಪ್‌ಹೌಸುಗಳಿವೆ. ಅವೆಲ್ಲಕ್ಕೂ ಕೆಲಸ ಬಲ್ಲ ಕೈ ಬೇಕು.

ಮೊದಲು ಒಂದೇ ತಾಲ್ಲೂಕಿನಲ್ಲಿ ಶುರು ಮಾಡಿ, ನಮ್ಮ ಚಳ್ಳಕೆರೆಯಲ್ಲೇ ಮಾಡಿ. ಮಂಗಳವಾರ, ಗುರುವಾರ ಸಂಜೆ ನಾನು ಬರುತ್ತೇನೆ. ನನಗೆ ಗೌರವಧನ ಬೇಡ, ನನಗೆ ಅಂಗಡಿ ಇದೆ. ಬಿಚ್ಚಿ ಕಲಿಯಲು ಸುಟ್ಟ ಮೋಟಾರು ಎಷ್ಟು ಬೇಕಾದರೂ ಕೊಡುತ್ತೇನೆ. ಯಾವಾಗ ಕರೆದರೂ ದುರ್ಗಕ್ಕೆ ಬಂದು ನಿಮ್ಮ ಮುಂದೆ ಇದನ್ನೆಲ್ಲ ಹೇಳುತ್ತೇನೆ. ನೀವು ಒಪ್ಪಿದರೆ ಆ ಆರು ಮಕ್ಕಳನ್ನೂ ಕರೆತರುತ್ತೇನೆ.

ಆ ಹುಡುಗಿ ಈಗ ಹತ್ತನೇ ಕ್ಲಾಸು. ಪರೀಕ್ಷೆಗೆ ಇನ್ನು ಕೆಲವು ತಿಂಗಳಿದೆ. ಹೋದ ಶನಿವಾರ ಒಂದು ಮೋಟಾರಿಗೆ ಪೂರ್ತಿ ಅವಳೇ ಪೇಪರ್ ಹಾಕಿ, ಸುರುಳಿ ಇಳಿಸಿದಳು. ಆ ಇನ್ನೊಂದು ಮಗು ಸುತ್ತಿಕೊಟ್ಟ ಸುರುಳಿಗಳು. ಕನೆಕ್ಷನ್ ನಾನು ಚೆಕ್ ಮಾಡಿದೆ, ತಪ್ಪಿರಲಿಲ್ಲ. ಸ್ವಿಚ್ ಹಾಕಿದಾಗ ಮೋಟಾರು ಸದ್ದಿಲ್ಲದೆ ತಿರುಗಿತು. ಅವರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಹೋಗುವಾಗ, "ಪಾಲಿಟೆಕ್ನಿಕ್ ಅರ್ಜಿ ಯಾವಾಗ ಬಿಡ್ತಾರಮ್ಮ?" ಅಂತ ಕೇಳಿದರು.

ಇಂತಿ ನಮಸ್ಕಾರಗಳೊಂದಿಗೆ,
ಮೋಟಾರ್ ವೈಂಡಿಂಗ್ ಅಂಗಡಿಯ ಒಬ್ಬ ಹೆಣ್ಣುಮಗಳು
ಚಳ್ಳಕೆರೆ